ಎಲಿಯಟ್ ರಿಚರ್ಡ್‌ಸನ್

ಎಲಿಯಟ್ ಲೀ ರಿಚರ್ಡ್‌ಸನ್ (ಜುಲೈ ೨೦, ೧೯೨೦ – ಡಿಸೆಂಬರ್ ೩೧, ೧೯೯೯) ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಯವಾದಿ, ರಾಜತಾಂತ್ರಿಕ ಹಾಗೂ ರಿಪಬ್ಲಿಕನ್ ಪಕ್ಷದ ರಾಜಕಾರಣಿ. ಆ ದೇಶದ ಸಚಿವ ಸಂಪುಟದಲ್ಲಿ ನಾಲ್ಕು ಬೇರೆ ಬೇರೆ ಹುದ್ದೆಗಳನ್ನು ನಿರ್ವಹಿಸಿದ ಇಬ್ಬರಲ್ಲಿ ಇವರೊಬ್ಬರು. ಇನ್ನೊಬ್ಬರು ಜಾರ್ಜ್ ಷುಲ್ಟ್ಜ್. ವಾಟರ್‌ಗೇಟ್ ಹಗರಣದ ಸಂದರ್ಭದಲ್ಲಿ ಅಧ್ಯಕ್ಷರ ಆದೇಶವನ್ನು ಪಾಲಿಸಲೊಪ್ಪದೆ ರಾಜೀನಾಮೆ ನೀಡಿದ್ದಕ್ಕಾಗಿ ಇವರು ಪ್ರಸಿದ್ಧರು. ಇವರು ಸಂಧಾನ ನಡೆಸಿದ ಸಮುದ್ರ ಕಾನೂನಿನ ಒಡಂಬಡಿಕೆಯು ಇಂದು ಹವಾಮಾನ ಬದಲಾವಣೆಯ ಕಾನೂನಿಗೂ ಆಧಾರವಾಗಿದೆ.

ಆರಂಭಿಕ ಜೀವನ

ರಿಚರ್ಡ್‌ಸನ್ ಬಾಸ್ಟನ್ ನಗರದ ವೈದ್ಯರ ಮನೆತನದಲ್ಲಿ ಜನಿಸಿದರು. ೧೯೪೧ರಲ್ಲಿ ಹಾರ್ವರ್ಡ್ ಕಾಲೇಜಿನಿಂದ ಪದವಿ ಪಡೆದು ಸೇನೆಯನ್ನು ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ವೈದ್ಯಕೀಯ ತುಕಡಿಯ ಅಧಿಕಾರಿಯಾಗಿ ೧೯೪೪ರ ಜೂನ್ ೬ರಂದು ನಾರ್ಮಂಡಿಯ ತೀರದಲ್ಲಿ ಇಳಿದರು. ನೆಲಬಾಂಬುಗಳಿದ್ದ ಪ್ರದೇಶದಲ್ಲಿ ಗಾಯಗೊಂಡು ಬಿದ್ದಿದ್ದ ಅಧಿಕಾರಿಯೊಬ್ಬರನ್ನು ಹೊತ್ತು ತಂದರು. ೧೯೪೭ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನಿಂದ ಕಾನೂನು ಪದವಿ ಪಡೆದ ಇವರು, ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಹಾಗೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಬಳಿ ಕಾನೂನು ಸಹಾಯಕರಾಗಿದ್ದರು. ಅನಂತರ ಬಾಸ್ಟನ್ನಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು.

ಸಾರ್ವಜನಿಕ ಸೇವೆ

ಮ್ಯಾಸಚೂಸೆಟ್ಸ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ (೧೯೬೫–೬೭) ಹಾಗೂ ಅಟಾರ್ನಿ ಜನರಲ್ (೧೯೬೭–೬೯) ಆಗಿದ್ದ ರಿಚರ್ಡ್‌ಸನ್, ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಕಾಲದಲ್ಲಿ ವಿದೇಶಾಂಗ ಇಲಾಖೆಯ ಅಧೀನ ಕಾರ್ಯದರ್ಶಿಯಾದರು. ಮುಂದೆ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಖಾತೆಯನ್ನೂ ರಕ್ಷಣಾ ಖಾತೆಯನ್ನೂ ವಹಿಸಿಕೊಂಡರು. ೧೯೭೩ರ ಮೇ ತಿಂಗಳಲ್ಲಿ ಇಡೀ ದೇಶದ ಅಟಾರ್ನಿ ಜನರಲ್ ಆಗಿ ನೇಮಕಗೊಂಡರು.

ಆಗ ವಾಟರ್‌ಗೇಟ್ ತನಿಖೆಗೆ ತಮ್ಮ ಗುರು ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ವಿಶೇಷ ಅಭಿಯೋಜಕರನ್ನಾಗಿ ನೇಮಿಸಿದರು. ಗಂಭೀರ ಅನುಚಿತ ವರ್ತನೆಯ ಹೊರತು ಅವರನ್ನು ತೆಗೆದುಹಾಕುವುದಿಲ್ಲವೆಂದು ಸೆನೆಟ್ಟಿಗೆ ಮಾತು ಕೊಟ್ಟಿದ್ದರು. ಶ್ವೇತಭವನದ ಧ್ವನಿಸುರುಳಿಗಳನ್ನು ಕಾಕ್ಸ್ ಪಟ್ಟುಬಿಡದೆ ಕೇಳಿದಾಗ, ಅವರನ್ನು ವಜಾ ಮಾಡುವಂತೆ ನಿಕ್ಸನ್ ಆದೇಶಿಸಿದರು. ಕೊಟ್ಟ ಮಾತಿಗೆ ತಪ್ಪಲೊಪ್ಪದ ರಿಚರ್ಡ್‌ಸನ್ ೧೯೭೩ರ ಅಕ್ಟೋಬರ್ ೨೦ರಂದು ರಾಜೀನಾಮೆ ನೀಡಿದರು. ಅವರ ಕೈಕೆಳಗಿನ ವಿಲಿಯಂ ರಕಲ್ಸ್‌ಹೌಸ್ ಕೂಡ ಆದೇಶವನ್ನು ಪಾಲಿಸದೆ ಹುದ್ದೆ ಬಿಟ್ಟರು. ಕೊನೆಗೆ ಕಾಕ್ಸ್ ಅವರನ್ನು ವಜಾ ಮಾಡಿದವರು ಸಾಲಿಸಿಟರ್ ಜನರಲ್ ರಾಬರ್ಟ್ ಬೋರ್ಕ್. ಈ ಘಟನೆಯು ಶನಿವಾರ ರಾತ್ರಿಯ ಹತ್ಯಾಕಾಂಡವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ೧೯೭೪ರ ಆಗಸ್ಟ್‌ನಲ್ಲಿ ನಿಕ್ಸನ್ ಅವರೇ ಅಧಿಕಾರ ತ್ಯಜಿಸಬೇಕಾಯಿತು.

ರಾಜತಾಂತ್ರಿಕತೆ ಮತ್ತು ಸಮುದ್ರ ಕಾನೂನು

ಬ್ರಿಟನ್ನಿನಲ್ಲಿ ರಾಯಭಾರಿಯಾಗಿ (೧೯೭೫–೭೬) ಸೇವೆ ಸಲ್ಲಿಸಿದ ಬಳಿಕ ರಿಚರ್ಡ್‌ಸನ್ ವಾಣಿಜ್ಯ ಸಚಿವರಾದರು. ಸಾಗರ ಮತ್ತು ವಾಯುಮಂಡಲದ ಅಧ್ಯಯನ ನಡೆಸುವ ರಾಷ್ಟ್ರೀಯ ಸಂಸ್ಥೆ ಆ ಖಾತೆಯ ಅಧೀನದಲ್ಲಿದೆ. ೧೯೭೭ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇವರನ್ನು ವಿಶ್ವಸಂಸ್ಥೆಯ ಸಮುದ್ರ ಕಾನೂನು ಸಮ್ಮೇಳನಕ್ಕೆ ವಿಶೇಷ ಪ್ರತಿನಿಧಿಯಾಗಿ ಕಳುಹಿಸಿದರು. ೨೦೦ ನಾಟಿಕಲ್ ಮೈಲಿಗಳ ಆರ್ಥಿಕ ವಲಯ, ಜಲಸಂಧಿಗಳಲ್ಲಿ ಹಡಗುಗಳ ಸಂಚಾರ, ಆಳಸಮುದ್ರದ ಗಣಿಗಾರಿಕೆ, ಸಮುದ್ರ ಮಾಲಿನ್ಯ ಇವು ಅಲ್ಲಿ ಚರ್ಚೆಗೆ ಬಂದ ಮುಖ್ಯ ವಿಷಯಗಳು. ೧೯೮೦ರ ವೇಳೆಗೆ ಕರಡು ಬಹುಮಟ್ಟಿಗೆ ಸಿದ್ಧವಾಗಿತ್ತು. ಆದರೆ ಗಣಿಗಾರಿಕೆಯ ನಿಯಮಗಳನ್ನು ಒಪ್ಪದ ರೊನಾಲ್ಡ್ ರೇಗನ್ ಸರ್ಕಾರವು ೧೯೮೨ರಲ್ಲಿ ಒಡಂಬಡಿಕೆಯ ವಿರುದ್ಧ ಮತ ಹಾಕಿತು.

ಖಾಸಗಿ ವೃತ್ತಿ ಮತ್ತು ಕೊನೆಯ ವರ್ಷಗಳು

೧೯೮೦ರಿಂದ ೧೯೯೨ರವರೆಗೆ ರಿಚರ್ಡ್‌ಸನ್ ವಾಷಿಂಗ್ಟನ್ನಿನಲ್ಲಿ ಮಿಲ್ಬ್ಯಾಂಕ್ ಟ್ವೀಡ್ ಕಾನೂನು ಸಂಸ್ಥೆಯ ಪಾಲುದಾರರಾಗಿದ್ದರು. ೧೯೮೪ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಸ್ಪರ್ಧಿಸಿ, ಸ್ವಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಸೋತರು. ೧೯೯೦ರಲ್ಲಿ ನಿಕರಾಗುವದ ಚುನಾವಣೆಯನ್ನು ಗಮನಿಸಿದ ವಿಶ್ವಸಂಸ್ಥೆಯ ತಂಡದ ನೇತೃತ್ವ ವಹಿಸಿದರು. ೧೯೯೮ರಲ್ಲಿ ಇವರಿಗೆ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು. ಮರುವರ್ಷ ಬಾಸ್ಟನ್ನಿನಲ್ಲಿ ನಿಧನರಾದರು.

ಪರಂಪರೆ

ಸಮುದ್ರ ಕಾನೂನಿನ ಒಡಂಬಡಿಕೆಯು ೧೯೯೪ರ ನವೆಂಬರ್ ೧೬ರಂದು ಜಾರಿಗೆ ಬಂದಿತು. ಭಾರತವು ೧೯೯೫ರಲ್ಲಿ ಅದನ್ನು ಅನುಮೋದಿಸಿತು. ಸಣ್ಣ ದ್ವೀಪರಾಷ್ಟ್ರಗಳ ಕೋರಿಕೆಯ ಮೇರೆಗೆ ಹ್ಯಾಂಬರ್ಗಿನ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಯು ೨೦೨೪ರ ಮೇ ೨೧ರಂದು ಸಲಹಾ ಅಭಿಪ್ರಾಯ ನೀಡಿತು. ಹಸಿರುಮನೆ ಅನಿಲಗಳ ಹೊರಸೂಸುವಿಕೆಯೂ ಸಮುದ್ರ ಮಾಲಿನ್ಯವೇ. ಅದನ್ನು ತಡೆಯುವುದು ಒಡಂಬಡಿಕೆಗೆ ಸೇರಿದ ದೇಶಗಳ ಕರ್ತವ್ಯ ಎಂಬುದು ಅದರ ಸಾರ. ರಿಚರ್ಡ್‌ಸನ್ ಅವರ ಸ್ವಂತ ದೇಶವಾದ ಅಮೆರಿಕ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ.