ಫ್ರಾಂಕ್ಲಿನ್ ಬರೆಯೋಕೆ ಕಲಿತ ಬಗೆ

ಇಂಗ್ಲಿಷ್ ಟೆಸ್ಟ್ ಹತ್ರ ಬಂತು ಅಂದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಗಣಿತಕ್ಕಿಂತ ಹೆಚ್ಚು ಭಯ. ಓದಿದ್ದು ಅರ್ಥ ಆಗುತ್ತೆ, ಬರೆಯೋಕೆ ಕೂತ್ರೆ ಪೆನ್ನು ಓಡಲ್ಲ. ಮಿಂಚು ಅಂದರೆ ವಿದ್ಯುತ್ತೇ ಎಂದ ಬೆಂಜಮಿನ್ ಫ್ರಾಂಕ್ಲಿನ್‌ಗೂ ಹುಡುಗನಾಗಿದ್ದಾಗ ಇದೇ ತೊಂದರೆ. ಅದೂ ಮನೆಮಾತಿನಲ್ಲೇ!

ಹುಟ್ಟಿದ್ದು 1706ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಅಪ್ಪ ಮೇಣದಬತ್ತಿ, ಸೋಪು ಮಾಡುವವರು. ಶಾಲೆ ಕಂಡಿದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣನ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ. ಗೆಳೆಯನ ಜೊತೆ ಕಾಗದದಲ್ಲೇ ವಾದ ನಡೆಸುತ್ತಿದ್ದ. ಅವನ್ನು ಓದಿದ ಅಪ್ಪ, ಕಾಗುಣಿತ ಸರಿಯಿದ್ದರೂ ಹೇಳುವ ರೀತಿ ಸಾಲದು ಎಂದು ತೋರಿಸಿಕೊಟ್ಟರು.

ಹುಡುಗ ಬೇಜಾರು ಮಾಡಿಕೊಂಡು ಕೂರಲಿಲ್ಲ. 'ಸ್ಪೆಕ್ಟೇಟರ್' ಪತ್ರಿಕೆಯ ಒಂದು ಸಂಪುಟ ಕೊಂಡ. ಲೇಖನ ಓದಿ, ಪ್ರತಿ ವಾಕ್ಯದ ಸಾರವನ್ನು ಚಿಕ್ಕದಾಗಿ ಬರೆದಿಟ್ಟು, ಕೆಲವು ದಿನ ಸುಮ್ಮನಿರುತ್ತಿದ್ದ. ಆಮೇಲೆ ಪುಸ್ತಕ ನೋಡದೆ ಇಡೀ ಲೇಖನವನ್ನು ತನ್ನ ಮಾತಲ್ಲಿ ಬರೆದು, ಮೂಲದ ಪಕ್ಕ ಇಟ್ಟು ತಪ್ಪು ತಿದ್ದಿಕೊಳ್ಳುತ್ತಿದ್ದ. ಪದಗಳು ಸಾಲದು ಅನ್ನಿಸಿದಾಗ ಗದ್ಯವನ್ನು ಪದ್ಯ ಮಾಡಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತಂದ. ಇದೆಲ್ಲ ರಾತ್ರಿ ಕೆಲಸ ಮುಗಿದ ಮೇಲೆ, ಇಲ್ಲಾಂದ್ರೆ ಬೆಳಗ್ಗೆ ಕೆಲಸಕ್ಕೆ ಮುಂಚೆ.

1722ರಲ್ಲಿ, 16ರ ಹುಡುಗ ಒಬ್ಬ ವಿಧವೆಯ ಹೆಸರಿನಲ್ಲಿ ಬರೆದು, ರಾತ್ರಿ ಪ್ರೆಸ್ಸಿನ ಬಾಗಿಲಡಿ ತೂರಿಸಿದ. ತಮ್ಮನದೆಂದು ತಿಳಿಯದೆ ಅಣ್ಣ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಅಂಥ 14 ಪತ್ರಗಳು ಬಂದವು. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಸಿದ್ಧಪಡಿಸಿದ ಐವರಲ್ಲಿ ಅವನೂ ಒಬ್ಬ. ತೀರಿಕೊಂಡಿದ್ದು 1790ರಲ್ಲಿ.

ಟೆಸ್ಟ್‌ಗೆ ಇನ್ನೂ ದಿನ ಇದೆಯಲ್ವಾ? ಇವತ್ತೇ ಒಂದು ಪ್ಯಾರಾ ಓದಿ, ಮುಚ್ಚಿಟ್ಟು, ಬರೆದು ನೋಡಿ.