ಗಾಂಧೀಜಿಯ ತಟ್ಟೆ: ಬಿಟ್ಟಿದ್ದು, ಮತ್ತೆ ಹಿಡಿದಿದ್ದು

ಎಂಟೂವರೆಗೆ ಕ್ಲಾಸು, ಎಂಟೂ ಇಪ್ಪತ್ತಕ್ಕೆ ಎಚ್ಚರ. ಮೆಸ್ಸಿನ ಉಪ್ಪಿಟ್ಟಿಗೆ ದೂರದಿಂದಲೇ ಕೈಮುಗಿದು ಓಡೋದು. ಮಧ್ಯಾಹ್ನ ಯಾರಾದ್ರೂ ಕೇಳಿದ್ರೆ, ಇಂಟರ್‌ಮಿಟೆಂಟ್ ಫಾಸ್ಟಿಂಗ್ ಮಾಡ್ತಾ ಇದೀನಿ ಅನ್ನೋದು. ನಮ್ಮ ಹಾಸ್ಟೆಲ್‌ನಲ್ಲಿ ಇಂಥ ತಪಸ್ವಿಗಳಿಗೆ ಬರವಿಲ್ಲ. ಇನ್ನೊಂದು ಕಡೆ, ಏಕಾದಶಿಗೆ ನಿಜವಾಗ್ಲೂ ಉಪವಾಸ ಇರೋ ಅಜ್ಜಿಯರು ನಮ್ಮ ಮನೆಗಳಲ್ಲಿದ್ದಾರೆ. ರೋಜಾ ಇಟ್ಟುಕೊಂಡೇ ಇಂಟರ್ನಲ್ಸ್ ಬರೆಯೋ ಗೆಳೆಯರು ನಮ್ಮ ಪಕ್ಕದ ಬೆಂಚಿನಲ್ಲೇ ಇದ್ದಾರೆ. ಹೊಟ್ಟೆ ಖಾಲಿ ಇಟ್ಟರೆ, ಇಷ್ಟವಾದದ್ದನ್ನು ಬಿಟ್ಟರೆ, ದಿನದಿನದ ಬದುಕು ನಿಜಕ್ಕೂ ಹಸನಾಗತ್ತಾ?

ಈ ಪ್ರಶ್ನೆಯನ್ನು ತಮ್ಮ ದೇಹವನ್ನೇ ಲ್ಯಾಬ್ ಮಾಡಿಕೊಂಡು ಸುಮಾರು ಅರವತ್ತು ವರ್ಷ ಪರೀಕ್ಷಿಸಿದವರು ಗಾಂಧೀಜಿ. ಅವರ ಆತ್ಮಕಥೆಯ ಹೆಸರಿನಲ್ಲೇ 'ಪ್ರಯೋಗ' ಅನ್ನೋ ಪದ ಇದೆ. ನೋಟಿನ ಮೇಲಿನ ಗಾಂಧಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ತಟ್ಟೆಯ ಮುಂದೆ ಕೂತ ಗಾಂಧಿಯನ್ನು ನೋಡೋಣ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸನಿಗೆ ಉಪವಾಸದ ಮೊದಲ ಪಾಠ ಸಿಕ್ಕಿದ್ದು ತಾಯಿ ಪುತಲೀಬಾಯಿಯಿಂದ. ಒಂದು ಚಾತುರ್ಮಾಸದಲ್ಲಿ ಸೂರ್ಯನನ್ನು ನೋಡದೆ ಊಟ ಮಾಡೋದಿಲ್ಲ ಅಂತ ಆಕೆ ವ್ರತ ಹಿಡಿದಿದ್ದರು. ಮಳೆಗಾಲದ ಆಕಾಶ ಬೇರೆ. ಮಕ್ಕಳು ಅಂಗಳದಲ್ಲಿ ಕಾದು ನಿಂತು, ಸೂರ್ಯ ಇಣುಕಿದ ತಕ್ಷಣ ಒಳಗೆ ಓಡಿ ಹೇಳೋರು. ಅಮ್ಮ ಹೊರಗೆ ಬರೋಷ್ಟರಲ್ಲಿ ಮತ್ತೆ ಮೋಡ. ಆಕೆ ಬೇಜಾರು ಮಾಡಿಕೊಳ್ಳದೆ ನಗುತ್ತಲೇ ಕೆಲಸಕ್ಕೆ ಮರಳೋರು. ಹಸಿವಿಗಿಂತ ಆ ನಗುವೇ ಹುಡುಗನ ಮನಸ್ಸಿನಲ್ಲಿ ಉಳಿದಿರಬೇಕು.

1888ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಕಾನೂನು ಓದಲು ಲಂಡನ್ನಿಗೆ ಹೊರಟಾಗ ಮಾಂಸ, ಮದ್ಯ, ಪರಸ್ತ್ರೀ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟ. ಅಲ್ಲಿ ಶುರುವಾಗಿದ್ದು ವ್ರತ ಅಲ್ಲ, ಬರೀ ಹಸಿವು. ಉಪ್ಪುಖಾರವಿಲ್ಲದ ಬೇಯಿಸಿದ ಸೊಪ್ಪು, ಒಂದೆರಡು ತುಂಡು ಬ್ರೆಡ್ಡು, ಇನ್ನಷ್ಟು ಕೇಳೋಕೆ ನಾಚಿಕೆ. ಮನೆ ಬಿಟ್ಟು ಹಾಸ್ಟೆಲ್ ಸೇರಿದ ಮೊದಲ ತಿಂಗಳು ನೆನಪಿರೋರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಅಲ್ಲೇ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕವನ್ನೂ ಕೊಂಡ. ಅಮ್ಮನಿಗೆ ಕೊಟ್ಟ ಮಾತು ಅಂದಿನಿಂದ ತನ್ನದೇ ಆಯ್ಕೆಯಾಯಿತು.

ಆಮೇಲೆ ಖರ್ಚಿನ ಪ್ರತಿ ಕಾಸಿಗೂ ಲೆಕ್ಕ ಬರೆಯತೊಡಗಿದ. ಒಂದೇ ಕೋಣೆಗೆ ಬಿಡಾರ ಬದಲಿಸಿದ. ಬೆಳಿಗ್ಗೆ ತಾನೇ ಓಟ್ಸ್ ಗಂಜಿ, ಕೋಕೋ ಮಾಡಿಕೊಂಡ. ಬಸ್ಸು ಬಿಟ್ಟು ದಿನಕ್ಕೆ ಎಂಟು-ಹತ್ತು ಮೈಲಿ ನಡೆದ. ಮಸಾಲೆಯ ಆಸೆ ತಾನಾಗಿ ಕಮ್ಮಿಯಾಗಿ, ಮೊದಲು ಸಪ್ಪೆ ಅನ್ನಿಸಿದ್ದ ಅದೇ ಬೇಯಿಸಿದ ಸೊಪ್ಪು ರುಚಿಸತೊಡಗಿತು. ದುಡ್ಡು ಉಳೀತು, ಆರೋಗ್ಯ ಗಟ್ಟಿಯಾಯ್ತು, ಓದೋಕೆ ಸಮಯವೂ ಸಿಕ್ತು. ನಮ್ಮ ಪ್ರಶ್ನೆಗೆ ಸಿಕ್ಕ ಮೊದಲ ಹೌದು ಇದು.

ಎರಡನೇ ಹೌದು ಜೋಹಾನ್ಸ್‌ಬರ್ಗಿನದು. ಅಲ್ಲಿ ವಕೀಲಿಕೆ ಜೋರಾಗಿ ನಡೀತಿದ್ದಾಗ ಮೂರು ಹೊತ್ತು ಭರ್ಜರಿ ಊಟ, ಮಧ್ಯೆ ಟೀ. ಜೊತೆಗೆ ಮಲಬದ್ಧತೆ, ಆಗಾಗ ತಲೆನೋವು. ಮ್ಯಾಂಚೆಸ್ಟರಿನಲ್ಲಿ ಬೆಳಗಿನ ತಿಂಡಿ ಬಿಡುವವರ ಸಂಘವೊಂದು ಶುರುವಾಗಿದೆ ಅನ್ನೋ ಸುದ್ದಿ ಓದಿ, ಗಾಂಧಿ ತಾವೂ ತಿಂಡಿ ಬಿಟ್ಟರು. ಕೆಲವು ದಿನ ಕಷ್ಟವಾಯ್ತು, ತಲೆನೋವು ಮಾತ್ರ ಪೂರ್ತಿ ಹೋಯ್ತು. ಮಲಬದ್ಧತೆ ಹಾಗೇ ಉಳೀತು. ಎರಡನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಿಂಡಿಯೇ ಕೆಟ್ಟದ್ದು ಅಂತ ಅವರು ತೀರ್ಮಾನಿಸಲಿಲ್ಲ. ತಾನು ಬೇಕಾದ್ದಕ್ಕಿಂತ ಹೆಚ್ಚು ತಿನ್ನುತ್ತಿದ್ದೆ ಅಂತ ಕಂಡುಕೊಂಡರು. ಮೆಸ್ಸಿನ ಉಪ್ಪಿಟ್ಟು ಬಿಟ್ಟು ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಎರಡು ಪಫ್ ತಿನ್ನೋ ನಮಗೆ ಈ ವ್ಯತ್ಯಾಸ ಗೊತ್ತಿರಬೇಕು.

ಇಷ್ಟರವರೆಗೆ ಪ್ರಯೋಗ ಒಬ್ಬರದ್ದೇ ಆಗಿತ್ತು. ಮನೆಯವರ ತಟ್ಟೆಗೂ ಕೈಹಾಕಿದಾಗ ವಿಷಯ ಬೇರೆಯಾಯ್ತು. ದಕ್ಷಿಣ ಆಫ್ರಿಕಾದಲ್ಲಿ ಕಸ್ತೂರಬಾಗೆ ರಕ್ತಸ್ರಾವದ ತೊಂದರೆ ಇದ್ದಾಗ, ಉಪ್ಪು ಮತ್ತು ಬೇಳೆಕಾಳು ಬಿಡು ಅಂತ ಗಾಂಧಿ ಒತ್ತಾಯಿಸಿದರು. ನಿಮಗೇ ಹೇಳಿದ್ದರೆ ನೀವು ಬಿಡ್ತಿರಲಿಲ್ಲ ಅಂತ ಆಕೆ ತಿರುಗೇಟು ಕೊಟ್ಟರು. ಗಾಂಧಿ ಅಲ್ಲೇ ಒಂದು ವರ್ಷಕ್ಕೆ ಎರಡನ್ನೂ ಬಿಟ್ಟುಬಿಟ್ಟರು. ಆಕೆ ಗಾಬರಿಯಾಗಿ, ತಾನು ಬಿಡ್ತೀನಿ, ನೀವು ಬಿಡಬೇಡಿ ಅಂತ ಕೇಳಿಕೊಂಡರೂ ಅವರು ಬಗ್ಗಲಿಲ್ಲ. ಆಕೆಯ ಆರೋಗ್ಯ ಸುಧಾರಿಸಿತು, ಅದು ನಿಜ. ಆದರೆ ಒಬ್ಬರ ತ್ಯಾಗ ಇನ್ನೊಬ್ಬರ ಕಣ್ಣೀರಿಗೆ ಕಾರಣ ಆದಾಗ ಅದನ್ನು ಬರೀ ಆರೋಗ್ಯದ ವಿಷಯ ಅನ್ನೋಕಾಗಲ್ಲ ಅಂತ ನಮಗನ್ನಿಸುತ್ತದೆ.

ಪ್ರಯೋಗಗಳು ಬಿಗಿಯಾಗುತ್ತಾ ಹೋದವು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕಾಲೆನ್‌ಬಾಕ್ ಜೊತೆ ಹಾಲು ಬಿಟ್ಟರು. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆಯೇ ಊಟವಾಯ್ತು. ಆಶ್ರಮದವರ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಮೊದಲು ಏಳು ದಿನ, ಆಮೇಲೆ 14 ದಿನ ಉಪವಾಸ ಮಾಡಿದರು. ಎರಡನೆಯದು ಅವರನ್ನು ಹಣ್ಣುಮಾಡಿತು. ಉಪವಾಸದಲ್ಲಿ ಓಕರಿಕೆ ಬಂದರೂ ನೀರು ಚೆನ್ನಾಗಿ ಕುಡಿಯಬೇಕು ಅನ್ನೋದು ಆಗ ಅವರಿಗೆ ಗೊತ್ತಿರಲಿಲ್ಲ. ಉಪವಾಸ ಮುಗಿದ ಮೇಲೆ ಬೇಗ ನಡೆದಾಡಲು ಹೋಗಿ ಕಾಲುನೋವು ತಂದುಕೊಂಡರು. 1914ರಲ್ಲಿ ಲಂಡನ್ನಿನಲ್ಲಿ ಎದೆಯ ಪಕ್ಕೆ ಉರಿಯೂತದಿಂದ ಮಲಗಿದಾಗ ಡಾ. ಜೀವರಾಜ ಮೆಹ್ತಾ ಹಾಲು ಕುಡಿಯಿರಿ ಅಂದರು, ಗೋಖಲೆಯವರೂ ಒತ್ತಾಯಿಸಿದರು. ಒಂದು ರಾತ್ರಿ ಪೂರ್ತಿ ಯೋಚಿಸಿ ಗಾಂಧಿ ಬೇಡ ಅಂದರು.

ದೇಹ ಬಿಲ್ಲು ಕಳಿಸಿದ್ದು 1918ರಲ್ಲಿ. ಖೇಡಾ ಜಿಲ್ಲೆಯಲ್ಲಿ ಹಗಲೂ ರಾತ್ರಿ ತಿರುಗಾಟ, ಹೊಟ್ಟೆಗೆ ಮುಖ್ಯವಾಗಿ ಕಡಲೆಕಾಯಿ ಬೆಣ್ಣೆ ಮತ್ತು ನಿಂಬೆಹಣ್ಣು. ಮೈ ಆಗಲೇ ಎಚ್ಚರಿಕೆ ಕೊಟ್ಟಿತ್ತು, ಅವರು ಲಕ್ಷ್ಯ ಕೊಡಲಿಲ್ಲ. ಒಂದು ಹಬ್ಬದ ದಿನ ಕಸ್ತೂರಬಾ ಮಾಡಿದ ಸಿಹಿ ಗೋಧಿ ಗಂಜಿ ತಿಂದದ್ದೇ ನೆಪವಾಗಿ ಆಮಶಂಕೆ ಶುರುವಾಯ್ತು. ಔಷಧಿ ಬೇಡ ಅಂದರು. ಸಾವು ಬಾಗಿಲಿಗೆ ಬಂತು ಅಂತ ಅವರಿಗೇ ಅನ್ನಿಸಿತು. ಕೊನೆಗೆ ದಾರಿ ತೋರಿಸಿದ್ದು ಕಸ್ತೂರಬಾ: ನೀವು ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು ತಾನೆ, ಮೇಕೆ ಹಾಲು ಕುಡಿಯಬಹುದಲ್ಲ ಅಂತ. ಗಾಂಧಿ ಕುಡಿದರು, ಚೇತರಿಸಿಕೊಂಡರು. ವ್ರತದ ಅಕ್ಷರ ಉಳಿಸಿ ಅರ್ಥ ಕಳೆದೆ ಅನ್ನೋ ಕೊರಗು ಮಾತ್ರ ಅವರನ್ನು ಬಿಡಲಿಲ್ಲ. ಒಮ್ಮೆ ಮನೆಯಲ್ಲಿ ಅವರ ಹಟಕ್ಕೆ ಸೋತಿದ್ದ ಹೆಣ್ಣುಮಗಳೇ ಈಗ ಅವರ ಹಟದಿಂದ ಅವರನ್ನು ಉಳಿಸಿದ್ದರು.

ಕಥೆಯ ಮುಂದಿನ ಭಾಗ ನಮ್ಮ ನಾಡಿನದು. 1927ರ ಮಾರ್ಚಿನಲ್ಲಿ ಖಾದಿ ಪ್ರವಾಸದ ಓಡಾಟದಲ್ಲಿ ಗಾಂಧೀಜಿ ಕುಸಿದರು. ರಕ್ತದೊತ್ತಡ ಏರಿತ್ತು. ವೈದ್ಯರ ಮಾತಿನಂತೆ ಏಪ್ರಿಲ್‌ನಲ್ಲಿ ನಂದಿಬೆಟ್ಟಕ್ಕೆ ಬಂದು ವಿಶ್ರಾಂತಿ ಪಡೆದರು. ನಾವು ಬೆಳಗಿನ ಜಾವ ಬೈಕ್ ಹತ್ತಿಸಿಕೊಂಡು ಸೂರ್ಯೋದಯ ನೋಡೋಕೆ ಹೋಗ್ತೀವಲ್ಲ, ಅದೇ ಬೆಟ್ಟ. ಊಟದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವರು ಕೆಲಸಕ್ಕೆ ಮಿತಿ ಹಾಕಿಕೊಂಡಿರಲಿಲ್ಲ. ಅಲ್ಲಿಂದ ಬೆಂಗಳೂರಿಗೆ ಇಳಿದು ಬಂದು, ಸರ್ಕಾರಿ ಡೈರಿ ಸಂಸ್ಥೆಯಲ್ಲಿ ಹಸು ಸಾಕಣೆ, ಹೈನುಗಾರಿಕೆಯ ಪಾಠವನ್ನೂ ಕಲಿತರು. ಹಸುವಿನ ಹಾಲು ಬಿಟ್ಟವರು 57ನೇ ವಯಸ್ಸಿನಲ್ಲಿ ಹಾಲಿನ ಕ್ಲಾಸಿಗೆ ವಿದ್ಯಾರ್ಥಿಯಾಗಿದ್ದರು!

1924ರ ದೆಹಲಿಯ 21 ದಿನ, 1932ರ ಯರವಡಾ, 1943ರ ಆಗಾಖಾನ್ ಅರಮನೆ, 1948ರ ಜನವರಿಯ ಕೊನೆಯ ಉಪವಾಸ. ಇವು ಯಾವುವೂ ಆರೋಗ್ಯಕ್ಕಾಗಿ ಮಾಡಿದ್ದಲ್ಲ. ಒಂದು ಉದ್ದೇಶಕ್ಕೆ ಜೀವವನ್ನೇ ಪಣಕ್ಕಿಟ್ಟದ್ದು. 1943ರಲ್ಲಿ ಡಾ. ಬಿ.ಸಿ. ರಾಯ್ ಅವರಂಥ ವೈದ್ಯರು ಹತ್ತಿರವೇ ಇದ್ದರೂ ಅವರು ಉಳಿಯೋದು ಅನುಮಾನ ಅಂತ ದೇಶವೇ ಹೆದರಿತ್ತು. ಇವನ್ನು ತೋರಿಸಿ ಉಪವಾಸ ಮೈಗೆ ಒಳ್ಳೇದು ಅನ್ನೋದು ತಪ್ಪು ಲೆಕ್ಕ.

ದಿನನಿತ್ಯದ ಬದುಕಿಗೆ ಒದಗಿದ ನಿಯಮಗಳು ಚಿಕ್ಕವು. 1915ರಲ್ಲಿ ಹರಿದ್ವಾರದ ಕುಂಭಮೇಳದ ಸಮಯದಲ್ಲಿ, ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನಲ್ಲ, ಕತ್ತಲಾದ ಮೇಲೆ ಊಟ ಮಾಡಲ್ಲ ಅಂತ ತೀರ್ಮಾನಿಸಿದರು. ಜೊತೆಗೆ ದಿನವೂ ನಡಿಗೆ, ಮುಂದೆ ಸೋಮವಾರದ ಮೌನ. ಈ ಎರಡು ಊಟದ ನಿಯಮಗಳು ತಮ್ಮನ್ನು ಎಷ್ಟೋ ಕಾಯಿಲೆಗಳಿಂದ ಕಾಪಾಡಿದವು ಅಂತ ಅವರು ನಂಬಿದ್ದರು.

1942ರಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದರಲ್ಲಿ ಕೂತು ಬುದ್ಧಿಯ ಕೆಲಸ ಮಾಡೋರಿಗೆ, ಅಂದ್ರೆ ಹೆಚ್ಚುಕಮ್ಮಿ ನಮ್ಮಂಥೋರಿಗೆ, ಒಂದು ದಿನದ ಊಟದ ಪಟ್ಟಿ ಇದೆ: 6 ಔನ್ಸ್ ಧಾನ್ಯ, ಸೊಪ್ಪು ತರಕಾರಿ, ಒಂದೂವರೆ ಔನ್ಸ್ ತುಪ್ಪ, ಅಷ್ಟೇ ಬೆಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಇರೋದು 2 ಪೌಂಡ್ ಹಸುವಿನ ಹಾಲು. ತಾವು ಮೂವತ್ತು ವರ್ಷ ಮುಟ್ಟದ್ದನ್ನೇ ಬೇರೆಯವರಿಗೆ ಮೊದಲು ಬಡಿಸಿದ್ದರು. ತಮ್ಮ ವ್ರತವನ್ನೂ ತಮ್ಮ ಅನುಭವ ಕಲಿಸಿದ್ದನ್ನೂ ಬೇರೆ ಬೇರೆ ಇಡೋ ಪ್ರಾಮಾಣಿಕತೆ ಅದು.

ಹಾಗಾಗಿ ಗೆಳೆಯರೇ, ನಮ್ಮ ಪ್ರಶ್ನೆಗೆ ಈ ಬದುಕು ಕೊಡೋ ಉತ್ತರ ಹೌದೂ ಹೌದು, ಅಲ್ಲವೂ ಹೌದು. ತಾನೇ ಆರಿಸಿಕೊಂಡ, ಚಿಕ್ಕದಾದ, ದಿನವೂ ನಡೆಯುವ, ಮೈ ಹೇಳಿದ್ದನ್ನು ಕೇಳುವ ನಿಯಮ ಬದುಕನ್ನು ಹಗುರ ಮಾಡತ್ತೆ. ಮೈ ಬೇಡ ಅಂದರೂ ಬಿಡದ ನಿಯಮ ಹಾಸಿಗೆ ಹಿಡಿಸತ್ತೆ. ಅಲಾರಂ ಆಫ್ ಮಾಡಿ ಮಲಗಿ ತಿಂಡಿ ತಪ್ಪಿಸಿಕೊಳ್ಳೋದು ಈ ಎರಡರಲ್ಲಿ ಯಾವುದೂ ಅಲ್ಲ. ಏನಾದರೂ ಬಿಡಲೇಬೇಕು ಅನ್ನಿಸಿದರೆ ರಾತ್ರಿ ಒಂದು ಗಂಟೆಯ ಮ್ಯಾಗಿಯನ್ನೋ, ಮಲಗೋ ಮುಂಚಿನ ರೀಲ್ಸ್ ಅನ್ನೋ ಬಿಟ್ಟು ಹದಿನೈದು ದಿನ ಬರೆದಿಟ್ಟು ನೋಡೋಣ. ಔಷಧಿ ತಗೊಳ್ತಿರೋರು ಊಟದಲ್ಲಿ ಏನೇ ಬದಲಿಸೋ ಮುಂಚೆ ಡಾಕ್ಟರನ್ನು ಕೇಳಲಿ. ನಾಳೆ ಬೆಳಿಗ್ಗೆ ಎಂಟಕ್ಕೆ ಮೆಸ್ಸಿನಲ್ಲಿ ಸಿಗೋಣ. ಉಪ್ಪಿಟ್ಟೇ ಇದ್ರೂ ಪರವಾಗಿಲ್ಲ.