ವಿಜ್ಞಾನವಿದುಷಿ ಲೀಸೆ ಮೈಟ್ನರ್

ಕೆಲವು ಧಾತುಗಳ ಪರಮಾಣುಬೀಜವು ಸ್ವಭಾವದಿಂದಲೇ ಅಸ್ಥಿರವಾಗಿದ್ದು, ಕಿರಣಗಳನ್ನು ಸೂಸುತ್ತ ಬೇರೊಂದು ಧಾತುವಾಗಿ ಪರಿಣಮಿಸುತ್ತದೆ. ಈ ಅಸ್ಥಿರತೆಯ ಮರ್ಮವನ್ನು ಪ್ರಯೋಗಮುಖದಿಂದ ಶೋಧಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರಲ್ಲಿ ಲೀಸೆ ಮೈಟ್ನರ್ ಅಗ್ರಗಣ್ಯರು.

ಈಕೆ 1878ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಯೆಹೂದಿ ವಂಶದ ವಕೀಲರೊಬ್ಬರ ಮಗಳಾಗಿ ಜನಿಸಿದರು. ಹೆಣ್ಣುಮಕ್ಕಳ ಶಾಲಾಶಿಕ್ಷಣವು ಹದಿನಾಲ್ಕನೆಯ ವಯಸ್ಸಿಗೇ ಮುಗಿಯುವುದು ಅಂದಿನ ಅಲ್ಲಿಯ ಪದ್ಧತಿ. ಈಕೆ ಫ್ರೆಂಚ್ ಅಧ್ಯಾಪಿಕೆಯ ಅರ್ಹತೆಯನ್ನು ಸಂಪಾದಿಸಿ, ಬಳಿಕ ಎಂಟು ವರ್ಷಗಳ ಪಾಠವನ್ನು ಎರಡೇ ವರ್ಷಗಳಲ್ಲಿ ಮನೆಯಲ್ಲಿ ಕಲಿತು, 1901ರಲ್ಲಿ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದರು. ಅಲ್ಲಿ ಬೋಲ್ಟ್ಸ್‌ಮನ್ ಎಂಬ ಮಹಾಚಾರ್ಯರ ಉಪನ್ಯಾಸಗಳೇ ಈಕೆಗೆ ಭೌತವಿಜ್ಞಾನದ ದೀಕ್ಷೆಯಾದವು. 1906ರಲ್ಲಿ ಡಾಕ್ಟರೇಟ್ ಪದವಿ ಲಭಿಸಿತು.

ಮರುವರ್ಷ ಬರ್ಲಿನ್ನಿಗೆ ತೆರಳಿ ರಸಾಯನಜ್ಞ ಆಟೋ ಹಾನ್ ಅವರೊಡನೆ ಸಂಶೋಧನೆಗೆ ತೊಡಗಿದರು. ಆ ಸಂಸ್ಥೆಯಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಬಡಗಿಯ ಕೆಲಸಕ್ಕೆಂದಿದ್ದ ಕೊಠಡಿಯೊಂದೇ ಈಕೆಗೆ ಸಂದ ಪ್ರಯೋಗಶಾಲೆ. ಮೇಲಂತಸ್ತಿಗೆ ಕಾಲಿಡುವಂತಿರಲಿಲ್ಲ. ವೇತನವೂ ಇಲ್ಲ. 1912ರಲ್ಲಿ ಹೊಸ ಸಂಸ್ಥೆಗೆ ಹೋದ ಮೇಲೆ ಪರಿಸ್ಥಿತಿ ಸುಧಾರಿಸಿತು. 1918ರಲ್ಲಿ ಈರ್ವರೂ ಪ್ರೊಟಾಕ್ಟಿನಿಯಂ ಧಾತುವಿನ ದೀರ್ಘಾಯುವಾದ ರೂಪವನ್ನು ಕಂಡುಹಿಡಿದರು.

1934ರಿಂದ ಯುರೇನಿಯಂ ಬೀಜಕ್ಕೆ ನ್ಯೂಟ್ರಾನುಗಳನ್ನು ತಾಡಿಸುವ ಪ್ರಯೋಗಗಳು ನಡೆದವು. ಹುಟ್ಟಿದ ಅಸ್ಥಿರ ಬೀಜಗಳು ಯುರೇನಿಯಮಿಗಿಂತ ಭಾರವಾದ ಧಾತುಗಳೆಂದೇ ಬಹುತೇಕ ಎಲ್ಲರೂ ಬಗೆದರು. ಮೈಟ್ನರ್ ಅವರೂ ಹಾಗೆಯೇ ಬಗೆದರೆಂಬುದನ್ನು ಮರೆಮಾಚಬೇಕಾಗಿಲ್ಲ. ಅಷ್ಟರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡರು. 1938ರ ಜುಲೈನಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಹತ್ತು ಮಾರ್ಕುಗಳನ್ನೂ ಹಾನ್ ಕೊಟ್ಟ ವಜ್ರದುಂಗುರವನ್ನೂ ಹಿಡಿದು ಈಕೆ ಹಾಲೆಂಡಿನ ಗಡಿಯನ್ನು ದಾಟಿದರು. ಮುಂದೆ ಸ್ಟಾಕ್‌ಹೋಮಿನಲ್ಲಿ ಆಶ್ರಯ ದೊರೆತರೂ ಪ್ರಯೋಗಕ್ಕೆ ತಕ್ಕ ಸಲಕರಣೆಗಳಾಗಲಿ ಸಹಾಯಕರಾಗಲಿ ಒದಗಲಿಲ್ಲ.

ಅದೇ ಡಿಸೆಂಬರಿನಲ್ಲಿ ಹಾನ್ ಅವರ ಪತ್ರ ಬಂದಿತು. ಅವರೂ ಸ್ಟ್ರಾಸ್‌ಮನ್ನರೂ ಯುರೇನಿಯಮಿನಿಂದ ಹುಟ್ಟಿದ ದ್ರವ್ಯದಲ್ಲಿ ಬೇರಿಯಮನ್ನು ಕಂಡಿದ್ದರು. ಕಾರಣ ಮಾತ್ರ ಹೊಳೆದಿರಲಿಲ್ಲ. ಸ್ವೀಡನ್ನಿನ ಕುಂಗೆಲ್ವ್ ಎಂಬ ಊರಿನಲ್ಲಿ ಕ್ರಿಸ್‌ಮಸ್ ಸಮಯದಲ್ಲಿ, ಸೋದರಿಯ ಮಗ ಆಟೋ ಫ್ರಿಷ್ ಜೊತೆಗೆ ಹಿಮದ ಮೇಲೆ ನಡೆಯುತ್ತ ಮೈಟ್ನರ್ ಆ ಒಗಟನ್ನು ಬಿಡಿಸಿದರು. ಬೀಜವೊಂದು ದ್ರವದ ಹನಿಯಂತೆ. ಯುರೇನಿಯಮಿನ 92 ಪ್ರೋಟಾನುಗಳ ಪರಸ್ಪರ ವಿಕರ್ಷಣೆಯು ಆ ಹನಿಯ ಮೇಲ್ಮೈಸೆಳೆತವನ್ನು ಬಹುಮಟ್ಟಿಗೆ ಕುಗ್ಗಿಸಿರುತ್ತದೆ. ಒಂದು ನ್ಯೂಟ್ರಾನ್ ಹೊಕ್ಕರೆ ಸಾಕು. ಹನಿ ನೀಳವಾಗಿ, ನಡು ಸಣ್ಣಗಾಗಿ, ಇಬ್ಭಾಗವಾಗುತ್ತದೆ. ನಷ್ಟವಾಗುವ ದ್ರವ್ಯರಾಶಿ ಪ್ರೋಟಾನಿನ ಸುಮಾರು ಐದನೆಯ ಒಂದು ಪಾಲು. ಐನ್‌ಸ್ಟೈನರ ಸಮೀಕರಣದಂತೆ ಅದು ಸುಮಾರು 200 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಜೀವಕೋಶದ ಒಡೆತಕ್ಕಿದ್ದ ಹೆಸರನ್ನೇ ಫ್ರಿಷ್ ಇದಕ್ಕೂ ಇಟ್ಟರು. ಕನ್ನಡದಲ್ಲಿ ನಾವು ವಿದಳನವೆನ್ನುತ್ತೇವೆ. ದ್ವಿದಳ ಧಾನ್ಯದ ದಳವೇ ಇಲ್ಲಿಯೂ ಇರುವುದರಿಂದ ಬೇಳೆಯಾಗಿ ಒಡೆಯುವ ಕಾಳಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಅಣುಬಾಂಬಿನ ನಿರ್ಮಾಣಕ್ಕೆ ಕರೆ ಬಂದಾಗ ಈಕೆ ಖಂಡಿತವಾಗಿ ನಿರಾಕರಿಸಿದರು. 1944ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಹಾನ್ ಒಬ್ಬರಿಗೇ ಸಂದಿತು. ಅವರ ರಸಾಯನಕೌಶಲ ನಿರ್ವಿವಾದವಾದುದು. ಆದರೆ ಮೂಲದೊಡನೆ ವ್ಯಾಖ್ಯಾನಕ್ಕೂ ಮನ್ನಣೆಯಿತ್ತ ಪರಂಪರೆಯ ನಮಗೆ ಈ ತೀರ್ಪು ನ್ಯಾಯವೆಂದು ತೋರುವುದಿಲ್ಲ. 1966ರಲ್ಲಿ ಅಮೆರಿಕದ ಫರ್ಮಿ ಪ್ರಶಸ್ತಿಯನ್ನು ಹಾನ್, ಸ್ಟ್ರಾಸ್‌ಮನ್ನರೊಡನೆ ಈಕೆಗೂ ಇತ್ತರು.

1968ರ ಅಕ್ಟೋಬರ್ 27ರಂದು ಕೇಂಬ್ರಿಜ್‌ನಲ್ಲಿ ನಿಧನರಾದ ಮೈಟ್ನರ್ ಅವರ ಸಮಾಧಿ ಇಂಗ್ಲೆಂಡಿನ ಬ್ರಾಮ್ಲೀ ಗ್ರಾಮದಲ್ಲಿ ತಮ್ಮ ವಾಲ್ಟರನ ಸಮಾಧಿಯ ಬಳಿಯಲ್ಲಿದೆ. 1982ರಲ್ಲಿ ಜರ್ಮನಿಯಲ್ಲಿ ಸೃಷ್ಟಿಸಲಾದ 109ನೆಯ ಧಾತುವಿಗೆ 1997ರಲ್ಲಿ ಮೈಟ್ನೇರಿಯಂ ಎಂಬ ಹೆಸರು ಸ್ಥಿರವಾಯಿತು.